ತಿದ್ದಿಕೊಳ್ಳುತ್ತ ಬೆಳೆದ ರಾಜ್ಯ

1850ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾ ಅಮೆರಿಕದ 31ನೇ ರಾಜ್ಯವಾಯಿತು. ಆದರೆ ಆ ಸುದ್ದಿ ಕ್ಯಾಲಿಫೋರ್ನಿಯಾದವರಿಗೇ ಗೊತ್ತಾಗಲು 39 ದಿನ ಹಿಡಿಯಿತು. ಆಗಿನ್ನೂ ಪಶ್ಚಿಮ ತೀರಕ್ಕೆ ರೈಲು ಬಂದಿರಲಿಲ್ಲ, ತಂತಿಯೂ ಬಂದಿರಲಿಲ್ಲ. ವಾಷಿಂಗ್ಟನ್‌ನಿಂದ ಹೊರಟ ಸುದ್ದಿ ಪನಾಮಾದ ಕಿರಿದಾದ ನೆಲಪಟ್ಟಿಯನ್ನು ದಾಟಿ, ‘ಒರೆಗಾನ್’ ಎಂಬ ಉಗಿಹಡಗನ್ನೇರಿ, ಅಕ್ಟೋಬರ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಹೊಕ್ಕಿತು. ಊರಿನ ಜನ ಕೆಲಸಕಾರ್ಯ ಬಿಟ್ಟು ಬೀದಿಗಿಳಿದು ಸಂಭ್ರಮಿಸಿದರು.

ನಮ್ಮ ಕರ್ನಾಟಕ ಹುಟ್ಟಿದ್ದು ಭಾಷೆಯ ಹಂಬಲದಿಂದ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ದಶಕಗಳ ಕಾಲ ಹೋರಾಡಿ 1956ರ ನವೆಂಬರ್ 1ನ್ನು ಕಂಡರು. ಕ್ಯಾಲಿಫೋರ್ನಿಯಾ ಹುಟ್ಟಿದ್ದು ಚಿನ್ನದ ಅವಸರದಲ್ಲಿ. 1848ರ ಜನವರಿ 24ರಂದು ಕೊಲೋಮ ಎಂಬಲ್ಲಿ ಮರ ಕೊಯ್ಯುವ ಗಿರಣಿಯೊಂದರ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರುಗಳು ಕಂಡಾಗ ಆ ನೆಲ ಕಾಗದದ ಮೇಲೆ ಇನ್ನೂ ಮೆಕ್ಸಿಕೊ ದೇಶದ್ದು. ಅದು ಅಮೆರಿಕಕ್ಕೆ ಸೇರಿದ್ದು ಒಂಬತ್ತು ದಿನಗಳ ನಂತರ, ಯುದ್ಧ ಮುಗಿಸಿದ ಒಪ್ಪಂದದಿಂದ. ಮರುವರ್ಷ ಜಗತ್ತಿನ ಮೂಲೆಮೂಲೆಯಿಂದ ಜನ ಮುಗಿಬಿದ್ದರು. ಸುಮಾರು ಒಂದು ಸಾವಿರ ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೊ ಎರಡೇ ವರ್ಷದಲ್ಲಿ 25 ಸಾವಿರ ಜನರ ಪಟ್ಟಣವಾಯಿತು.

1849ರಲ್ಲಿ ಮಾಂಟೆರೆಯಲ್ಲಿ ಸೇರಿದ 48 ಪ್ರತಿನಿಧಿಗಳು ರಾಜ್ಯದ ಮೊದಲ ಸಂವಿಧಾನ ಬರೆದರು. ಗುಲಾಮಗಿರಿ ಬೇಡವೆಂದು ಒಮ್ಮತದಿಂದ ತೀರ್ಮಾನಿಸಿದರು. ಕಾನೂನುಗಳು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟವಾಗಬೇಕು ಎಂದೂ ಬರೆದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1879ರ ಹೊಸ ಸಂವಿಧಾನ ಸ್ಪ್ಯಾನಿಷನ್ನು ಹೊರಗಟ್ಟಿತು. ಕಂಪನಿಗಳು ಚೀನೀಯರಿಗೆ ಕೆಲಸ ಕೊಡಕೂಡದು ಎಂಬ ಕಲಮನ್ನೂ ಸೇರಿಸಿತು.

ಮಾತು ಕೊಡುವುದು, ಕೊಟ್ಟ ಮಾತು ಮುರಿಯುವುದು, ಆಮೇಲೆ ಯಾರೋ ಕೆಲವರು ಹಟ ಹಿಡಿದು ಅದನ್ನು ಸರಿಪಡಿಸುವುದು: ಈ ರಾಜ್ಯದ ಚರಿತ್ರೆ ಮತ್ತೆ ಮತ್ತೆ ಹೀಗೆಯೇ ನಡೆದಿದೆ. ಚಿನ್ನ, ರೈಲು, ಭೂಕಂಪ, ಗೋಲ್ಡನ್ ಗೇಟ್ ಸೇತುವೆ, ಸಿಲಿಕಾನ್ ಚಿಪ್ ಎಂದು ಪ್ರವಾಸಿ ಕೈಪಿಡಿಗಳು ಪಟ್ಟಿ ಕೊಡುತ್ತವೆ. ಆ ಪಟ್ಟಿ ಸುಳ್ಳಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಇಂದು ಜನ ಬಂದು ನೆಲೆಸಲು ಹಂಬಲಿಸುವ ಊರಾಗಿರುವುದು ಆ ತಿದ್ದುಪಡಿಗಳಿಂದ. ಅಲ್ಲಿ ಮನೆ ಮಾಡಿಕೊಂಡಿರುವ ಸಾವಿರಾರು ಕನ್ನಡ ಕುಟುಂಬಗಳ ಬದುಕು ನಿಂತಿರುವುದೂ ಅವುಗಳ ಮೇಲೆಯೇ.

ಕೊಲ್ಲಿಯ ಮೊದಲ ಒಡೆಯರು

ಚಿನ್ನಕ್ಕಿಂತ ಸಾವಿರಾರು ವರ್ಷ ಮೊದಲೇ ಈ ಕೊಲ್ಲಿಯ ಸುತ್ತ ಓಲೋನಿ ಜನ ಬದುಕಿದ್ದರು. ಅವರು ತಿಂದ ಮೃದ್ವಂಗಿಗಳ ಚಿಪ್ಪು, ಅವರ ಒಲೆಯ ಬೂದಿ, ಅವರ ಹಿರಿಯರ ಸಮಾಧಿ ಎಲ್ಲ ಸೇರಿ ದಡದುದ್ದಕ್ಕೂ ದಿಬ್ಬಗಳಾಗಿದ್ದವು. 1909ರಲ್ಲಿ ನೆಲ್ಸ್ ನೆಲ್ಸನ್ ಎಂಬ ಪುರಾತತ್ವಜ್ಞ ಇಂಥ 425 ದಿಬ್ಬಗಳನ್ನು ಲೆಕ್ಕಹಾಕಿದ. ಎಮೆರಿವಿಲ್‌ನ ಅತಿ ದೊಡ್ಡ ದಿಬ್ಬವನ್ನು 1924ರಲ್ಲಿ ಕಾರ್ಖಾನೆಗಾಗಿ ನೆಲಸಮ ಮಾಡಿದರು. ಇಂದು ಅಲ್ಲಿ ಮಾಲ್ ಇದೆ.

ಸ್ಪೇನಿನ ಪಡೆಗಳು ಈ ಕೊಲ್ಲಿಯನ್ನು ಕಂಡದ್ದು 1769ರಲ್ಲಿ. 1776ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೈನ್ಯದ ಠಾಣೆ ಮತ್ತು ಮಿಷನ್ ಎದ್ದವು. ಮಿಷನ್ನುಗಳಲ್ಲಿ ಹೊಸ ರೋಗಗಳಿಗೆ, ದುಡಿತಕ್ಕೆ ಮೂಲನಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತರು. ಇದಕ್ಕಿಂತ ಘೋರವಾದದ್ದು ಅಮೆರಿಕದ ಆಡಳಿತ ಬಂದ ಮೇಲೆ ನಡೆಯಿತು. 1846ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿಗಳಿದ್ದರು. 1870ರ ದಶಕದ ಆರಂಭಕ್ಕೆ ಉಳಿದವರು ಸುಮಾರು 30 ಸಾವಿರ. ರೋಗ, ಹಸಿವೆಗಳ ಜೊತೆಗೆ ಸರ್ಕಾರದ ಹಣದಿಂದಲೇ ನಡೆದ ಬೇಟೆಯೂ ಇದಕ್ಕೆ ಕಾರಣ. ಮೂಲನಿವಾಸಿಗಳ ‘ರಕ್ಷಣೆ’ಯ ಹೆಸರು ಹೊತ್ತ 1850ರ ಕಾನೂನೊಂದು ಅವರ ಮಕ್ಕಳನ್ನು ಬಿಳಿಯರ ಮನೆಗಳಲ್ಲಿ ಜೀತಕ್ಕಿಡಲು ದಾರಿ ಮಾಡಿಕೊಟ್ಟಿತು.

ಇದಕ್ಕೆ ಉತ್ತರ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1969ರ ನವೆಂಬರ್ 20ರಂದು ಮೂಲನಿವಾಸಿ ವಿದ್ಯಾರ್ಥಿಗಳೂ ಕುಟುಂಬಗಳೂ ದೋಣಿಗಳಲ್ಲಿ ಹೋಗಿ, ಸೆರೆಮನೆ ಮುಚ್ಚಿದ ಮೇಲೆ ಖಾಲಿ ಬಿದ್ದಿದ್ದ ಅಲ್ಕಟ್ರಾಜ್ ದ್ವೀಪದಲ್ಲಿ ನೆಲೆಯೂರಿದರು. 19 ತಿಂಗಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ಸರ್ಕಾರ ಅವರನ್ನು ಹೊರಹಾಕಿತು. ಆದರೆ ಬುಡಕಟ್ಟುಗಳ ಪ್ರತ್ಯೇಕ ಅಸ್ತಿತ್ವವನ್ನೇ ಕೊನೆಗಾಣಿಸುವ ಹಳೆಯ ನೀತಿಯನ್ನು ಕೈಬಿಡಬೇಕೆಂದು ಅಧ್ಯಕ್ಷ ನಿಕ್ಸನ್ ಸಂಸತ್ತಿಗೆ ಹೇಳಿದ್ದು ಅದೇ ಅವಧಿಯಲ್ಲಿ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. 2024ರಲ್ಲಿ ಬರ್ಕ್ಲಿಯ ನಗರಸಭೆ ಅಲ್ಲಿನ ಹಳೆಯ ಚಿಪ್ಪಿನ ದಿಬ್ಬದ ಜಾಗವನ್ನು ಓಲೋನಿ ಹೆಂಗಸರು ಮುನ್ನಡೆಸುವ ಟ್ರಸ್ಟ್‌ಗೆ ಮರಳಿಸಲು ಒಪ್ಪಿತು. ಆ ಜಾಗ ವಾಹನ ನಿಲ್ಲಿಸುವ ಬಯಲಾಗಿತ್ತು, ಎರಡು ಎಕರೆಗಿಂತ ತುಸು ಹೆಚ್ಚು, ಅಷ್ಟೇ. ಕಳೆದುಕೊಂಡದ್ದರ ಎದುರು ಇದು ಅಣುವಿನಷ್ಟು. ಆದರೂ ಇದು ಮಾತಾಗಿ ಉಳಿಯದೆ ನೆಲವಾಗಿಯೇ ಮರಳಿತು.

ಚಿನ್ನದ ಹೂಳು

ಹೊಳೆಯ ಮರಳಿನಲ್ಲಿ ಸುಲಭಕ್ಕೆ ಸಿಗುತ್ತಿದ್ದ ಚಿನ್ನ ಕೆಲವೇ ವರ್ಷಗಳಲ್ಲಿ ತೀರಿತು. ಆಮೇಲೆ ದೊಡ್ಡ ಬಂಡವಾಳದವರು ಬಂದರು. 1853ರಿಂದೀಚೆಗೆ ಬೆಟ್ಟಗಳಿಗೆ ಭಾರಿ ಒತ್ತಡದ ನೀರು ಚಿಮ್ಮಿಸಿ, ಗುಡ್ಡವನ್ನೇ ಕರಗಿಸಿ ಚಿನ್ನ ಸೋಸುವ ಪದ್ಧತಿ ಹಬ್ಬಿತು. ಚಿನ್ನದ ಕಣಗಳನ್ನು ಹಿಡಿಯಲು ಪಾದರಸ ಬೇಕು. ಅದೂ ಹತ್ತಿರದಲ್ಲೇ, ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ನ್ಯೂ ಅಲ್ಮಡೆನ್ ಗಣಿಯಲ್ಲಿ ಸಿಗುತ್ತಿತ್ತು.

ಕರಗಿದ ಗುಡ್ಡ ಹೊಳೆಗಿಳಿಯಿತು. ನದಿಪಾತ್ರಗಳು ಮೇಲೆದ್ದವು, ಮೇರಿಸ್‌ವಿಲ್‌ನಂಥ ಊರುಗಳಿಗೆ ನೆರೆ ನುಗ್ಗಿತು, ಸ್ಯಾಕ್ರಮೆಂಟೊ ಕಣಿವೆಯ ಹೊಲಗಳ ಮೇಲೆ ಕಲ್ಲುಮಣ್ಣಿನ ಹೊದಿಕೆ ಬಿತ್ತು. ಹೂಳು ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ತಳ ಸೇರಿತು. ಹೀಗೆ ಕೊಚ್ಚಿಬಂದ ಮಣ್ಣು ಪನಾಮಾ ಕಾಲುವೆಗಾಗಿ ತೋಡಿದ್ದರ ಸುಮಾರು ಎಂಟು ಪಟ್ಟು ಎಂದು ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1917ರ ವರದಿಯಲ್ಲಿ ಲೆಕ್ಕ ಕೊಟ್ಟ. ಅದರೊಡನೆ ಬಂದ ಪಾದರಸ ಇನ್ನೂ ಅಲ್ಲಿದೆ. ಕೊಲ್ಲಿಯ ಕೆಲವು ಮೀನುಗಳನ್ನು ಗರ್ಭಿಣಿಯರು, ಮಕ್ಕಳು ತಿನ್ನಬಾರದೆಂಬ ಎಚ್ಚರಿಕೆ ಇಂದಿಗೂ ಜಾರಿಯಲ್ಲಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೋಲಾರದ ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳ ದೂಳು ಉಸಿರಾಡುತ್ತ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನವನ್ನು ತೆಗೆದವರು ಒಯ್ಯುತ್ತಾರೆ, ಕಸ ಊರಿಗೇ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದ ರೈತರು ಸುಮ್ಮನಿರಲಿಲ್ಲ. ಮೇರಿಸ್‌ವಿಲ್‌ನಲ್ಲಿ ಆಸ್ತಿಯಿದ್ದ ಎಡ್ವರ್ಡ್ಸ್ ವುಡ್ರಫ್ ಗಣಿ ಕಂಪನಿಯ ಮೇಲೆ ದಾವೆ ಹೂಡಿದ. 1884ರ ಜನವರಿಯಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಗಣಿಯ ಕಲ್ಲುಮಣ್ಣನ್ನು ನದಿಗೆ ಸುರಿಯಕೂಡದೆಂದು ತೀರ್ಪು ಕೊಟ್ಟರು. ಚಿನ್ನದಿಂದಲೇ ಹುಟ್ಟಿದ ರಾಜ್ಯ, ಚಿನ್ನಕ್ಕಿಂತ ಹೊಲ ಮತ್ತು ಹೊಳೆ ದೊಡ್ಡವು ಎಂದು ಒಪ್ಪಿದ ದಿನ ಅದು. ಪರಿಸರದ ಪರವಾಗಿ ಅಮೆರಿಕದ ನ್ಯಾಯಾಲಯಗಳು ಕೊಟ್ಟ ಮೊದಲ ದೊಡ್ಡ ತೀರ್ಪುಗಳಲ್ಲಿ ಇದನ್ನು ಎಣಿಸುತ್ತಾರೆ.

ಒಬ್ಬ ಲಾಂಡ್ರಿಯವ, ಒಬ್ಬ ಅಡುಗೆಯವ

1869ರಲ್ಲಿ ಪೂರ್ವ ಪಶ್ಚಿಮಗಳನ್ನು ರೈಲುಹಳಿ ಕೂಡಿಸಿತು. ಹಳಿ ಕೂಡಿದ ಗುರುತಿಗೆ ಚಿನ್ನದ ಮೊಳೆಯ ಸಮಾರಂಭ ನಡೆಸಿದ ಲೇಲಂಡ್ ಸ್ಟ್ಯಾನ್‌ಫರ್ಡ್ ಮನೆತನದ ಹೆಸರು ಇಂದು ವಿಶ್ವವಿದ್ಯಾಲಯವೊಂದಕ್ಕಿದೆ. ಸಿಯೆರಾ ಪರ್ವತದ ಬಂಡೆ ಸೀಳಿ ಹಳಿ ಹಾಕಿದ ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಕಾರ್ಮಿಕರಿಗೆ ಸಿಕ್ಕಿದ್ದು 1882ರ ಚೀನೀ ಬಹಿಷ್ಕಾರ ಕಾನೂನು.

ಚೀನೀಯರನ್ನು ಹೊರಗಿಡಲು ಸ್ಯಾನ್ ಫ್ರಾನ್ಸಿಸ್ಕೊದ ಆಡಳಿತ ಇನ್ನೊಂದು ಉಪಾಯ ಹೂಡಿತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕು ಎಂದು ನಿಯಮ ತಂದಿತು. ಊರಿನ ಸುಮಾರು 320 ಲಾಂಡ್ರಿಗಳಲ್ಲಿ 310 ಮರದವೇ. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಪರವಾನಗಿ ಸಿಗಲಿಲ್ಲ. ಉಳಿದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ‘ಯಿಕ್ ವೋ’ ಲಾಂಡ್ರಿಯ ಮಾಲೀಕ ದಂಡ ಕಟ್ಟದೆ ಜೈಲಿಗೆ ಹೋಗಿ ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿದ. ಕಾನೂನು ಬರವಣಿಗೆಯಲ್ಲಿ ಎಷ್ಟೇ ಸಮನಾಗಿರಲಿ, ಅದನ್ನು ಜಾರಿ ಮಾಡುವ ಕೈ ಭೇದ ಮಾಡಿದರೆ ಅದು ಸಮಾನತೆಯಲ್ಲ ಎಂದು 1886ರಲ್ಲಿ ಕೋರ್ಟ್ ಹೇಳಿತು. ಈ ತೀರ್ಪು ಸಾಗರ ದಾಟಿ ನಮ್ಮಲ್ಲಿಗೂ ಬಂತು. ಸಂವಿಧಾನದ 14ನೇ ವಿಧಿಯ ಅರ್ಥವನ್ನು ಚರ್ಚಿಸಿದ 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಪರಿಶೀಲಿಸಿತು.

ಇನ್ನೊಬ್ಬ ವಾಂಗ್ ಕಿಮ್ ಆರ್ಕ್, ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ 1873ರಲ್ಲಿ ಹುಟ್ಟಿದ ಅಡುಗೆಯವ. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಅವನು ಪ್ರಜೆಯಲ್ಲವೆಂದು ಅಧಿಕಾರಿಗಳು ದಡಕ್ಕಿಳಿಯಲು ಬಿಡಲಿಲ್ಲ. ತಿಂಗಳುಗಟ್ಟಲೆ ಬಂದರಿನ ಹಡಗುಗಳಲ್ಲೇ ಅವನನ್ನು ಕೂಡಿಹಾಕಿದರು. ಚೀನೀ ಸಂಘಗಳು ವಕೀಲರನ್ನು ಹಿಡಿದವು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಅವನ ಪರ ನಿಂತಿತು: ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು, ತಂದೆತಾಯಿ ಪ್ರಜೆಗಳಲ್ಲದಿದ್ದರೂ, ಅಮೆರಿಕದ ಪ್ರಜೆ. ಎಚ್-1ಬಿ ವೀಸಾದಲ್ಲಿದ್ದು ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಮಗು ಹೆತ್ತ ಎಷ್ಟು ಕನ್ನಡ ದಂಪತಿಗಳು ಈ ಅಡುಗೆಯವನ ಋಣದಲ್ಲಿದ್ದಾರೋ!

ಆ ಹಕ್ಕೂ ಎಲ್ಲರನ್ನೂ ಎಲ್ಲ ಕಾಲದಲ್ಲೂ ಕಾಪಾಡಲಿಲ್ಲ. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ರ ಆದೇಶದಂತೆ ಪಶ್ಚಿಮ ತೀರದ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಬೇ ಏರಿಯಾದ ಕುಟುಂಬಗಳನ್ನು ಸ್ಯಾನ್ ಬ್ರೂನೊದ ಕುದುರೆ ರೇಸ್ ಮೈದಾನದ ಲಾಯಗಳಲ್ಲಿ ಇಟ್ಟರು. ಓಕ್‌ಲೆಂಡ್‌ನ ಫ್ರೆಡ್ ಕೊರೆಮಾಟ್ಸು ಹೋಗಲೊಲ್ಲೆ ಎಂದ. ಅವನನ್ನು ಬಂಧಿಸಿದರು. 1944ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತ. ಸರ್ಕಾರ ಆಗ ಸಾಕ್ಷ್ಯ ಮುಚ್ಚಿಟ್ಟಿತ್ತೆಂಬುದು ಹೊರಬಿದ್ದ ಮೇಲೆ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯ ಅವನ ಶಿಕ್ಷೆಯನ್ನು ರದ್ದು ಮಾಡಿತು. 1988ರಲ್ಲಿ ಅಮೆರಿಕ ಸರ್ಕಾರ ಕ್ಷಮೆ ಕೋರಿ, ಬದುಕುಳಿದ ಪ್ರತಿಯೊಬ್ಬರಿಗೂ 20 ಸಾವಿರ ಡಾಲರ್ ಪರಿಹಾರ ಕೊಟ್ಟಿತು. ಕೊರೆಮಾಟ್ಸು ಹುಟ್ಟಿದ ಜನವರಿ 30ನ್ನು ಕ್ಯಾಲಿಫೋರ್ನಿಯಾ ಈಗ ಅವನ ಹೆಸರಿನಲ್ಲೇ ಆಚರಿಸುತ್ತದೆ.

ನಮ್ಮವರು ಬಂದ ದಾರಿ

ಬೇ ಏರಿಯಾಕ್ಕೆ ಭಾರತದ ನಂಟು ಸಾಫ್ಟ್‌ವೇರ್‌ನೊಂದಿಗೆ ಶುರುವಾದದ್ದಲ್ಲ. 1913ರ ನವೆಂಬರ್ 1ರಂದು ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದದ್ದು ಸ್ಯಾನ್ ಫ್ರಾನ್ಸಿಸ್ಕೊದಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಹೇಳಿದ್ದ ಲಾಲಾ ಹರದಯಾಳ್, ಹೊಲ ಮತ್ತು ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ರೈತರು ಸೇರಿ ಬ್ರಿಟಿಷರ ವಿರುದ್ಧ ಬಂಡಾಯಕ್ಕೆ ಕರೆಕೊಟ್ಟರು.

ಅಮೆರಿಕ ಅವರನ್ನು ಆದರಿಸಲಿಲ್ಲ. ಭಾರತೀಯರು ‘ಬಿಳಿಯ’ರಲ್ಲ, ಹಾಗಾಗಿ ಪ್ರಜೆಗಳಾಗುವಂತಿಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗಲೇ ಪೌರತ್ವ ಪಡೆದಿದ್ದವರಿಂದಲೂ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಅವರಲ್ಲೊಬ್ಬರು. ಪೌರತ್ವದ ಜೊತೆಗೆ ಆಸ್ತಿಯ ಹಕ್ಕನ್ನೂ ಕಳೆದುಕೊಂಡು, 1928ರಲ್ಲಿ ತಮ್ಮ ಜೀವವನ್ನೇ ಕೊನೆಗಾಣಿಸಿಕೊಂಡರು. ಹಿಂದೊಮ್ಮೆ ಬರ್ಕ್ಲಿಯಲ್ಲಿ ಈ ಕುಟುಂಬ ಕೊಂಡ ಮನೆಯೊಳಗೆ ಕಾಲಿಡಲು ನೆರೆಯವರು ಬಿಟ್ಟಿರಲಿಲ್ಲ. ಇಂದು ಅದೇ ಬರ್ಕ್ಲಿಯ ನಡುಪೇಟೆಯ ಬೀದಿಯೊಂದಕ್ಕೆ ಅವರ ಪತ್ನಿ ಕಲಾ ಬಗಾಯ್ ಹೆಸರಿದೆ.

1945ರ ಜೂನ್ 26ರಂದು ಇದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ರಾಷ್ಟ್ರಗಳು ಸಹಿ ಹಾಕಿದವು. ಇನ್ನೂ ಪರಾಧೀನವಾಗಿದ್ದ ಭಾರತದ ನಿಯೋಗದ ಮುಖ್ಯಸ್ಥರಾಗಿ ಸಹಿ ಹಾಕಿದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರು ಮೈಸೂರಿನ ದಿವಾನರಾದರು. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಾಗ ಬೀದಿಬೀದಿಗಳಲ್ಲಿ ‘ಆರ್ಕಾಟ್ ಬಾಯ್ಕಾಟ್’ ಎಂದು ಜನ ಕೂಗಿದ್ದು ಇವರ ವಿರುದ್ಧವೇ. ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಮನುಷ್ಯರ ಹಕ್ಕುಗಳ ಸನ್ನದಿಗೆ ದೂರದ ಊರಿನಲ್ಲಿ ಸಹಿ ಬಿದ್ದರೂ, ಆ ಹಕ್ಕನ್ನು ಮನೆಬಾಗಿಲಿಗೆ ತರುವ ಕೆಲಸವನ್ನು ಜನರೇ ಮಾಡಬೇಕಾಯಿತು.

ಅಮೆರಿಕ 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟು, ವರ್ಷಕ್ಕೆ 100 ಮಂದಿಯ ಕೋಟಾ ಇಟ್ಟಿತು. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕರಿಯರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಕಲಕಿದ್ದರಿಂದಲೇ ಆ ಕಾನೂನು ಬರಲು ಸಾಧ್ಯವಾಯಿತು. ಆ ಬಾಗಿಲಿನಿಂದ ಬಂದ ಕನ್ನಡಿಗರು 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಕಟ್ಟಿದರು. 2014ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ ಸ್ಯಾನ್ ಹೋಸೆಯಲ್ಲಿ ನಡೆಯಿತು.

ಮೂವರು ಹೆಂಗಸರು ಉಳಿಸಿದ ನೀರು

ಬೆಂಗಳೂರಿನವರು ವಿಶೇಷವಾಗಿ ತಿಳಿಯಬೇಕಾದ ಕತೆಯಿದು. ಚಿನ್ನದ ಕಾಲದಿಂದಲೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಮಣ್ಣು, ಕಸ ತುಂಬಿ ನಿವೇಶನ ಮಾಡುತ್ತಲೇ ಬಂದಿದ್ದರು. 20ನೇ ಶತಮಾನದ ನಡುವಿಗೆ ಕೊಲ್ಲಿಯ ಸುಮಾರು ಮೂರನೇ ಒಂದು ಭಾಗ ತುಂಬಿಹೋಗಿಯೋ ಒಡ್ಡು ಕಟ್ಟಿಸಿಕೊಂಡೋ ಕಾಣೆಯಾಗಿತ್ತು. ಹೀಗೆಯೇ ಸಾಗಿದರೆ 2020ರ ಹೊತ್ತಿಗೆ ಕೊಲ್ಲಿ ಬರಿಯ ನದಿಯಷ್ಟಾಗುತ್ತದೆ ಎಂದು ತೋರಿಸುವ 1959ರ ನಕ್ಷೆಯೊಂದು ಪತ್ರಿಕೆಯಲ್ಲಿ ಬಂತು. ಬರ್ಕ್ಲಿ ನಗರಸಭೆಗಂತೂ ನೀರನ್ನು ತುಂಬಿ ಊರಿನ ವಿಸ್ತೀರ್ಣವನ್ನೇ ಇಮ್ಮಡಿ ಮಾಡುವ ಯೋಜನೆಯಿತ್ತು.

1961ರಲ್ಲಿ ಬರ್ಕ್ಲಿಯ ಮೂವರು ಹೆಂಗಸರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, ‘ಸೇವ್ ದಿ ಬೇ’ ಚಳವಳಿ ಆರಂಭಿಸಿದರು. ಸದಸ್ಯತ್ವಕ್ಕೆ ಒಂದು ಡಾಲರ್. ಕಾಗದ ಬರೆದರು, ಸಭೆಗಳಿಗೆ ಹೋದರು, ಶಾಸಕರ ಬೆನ್ನು ಬಿಡಲಿಲ್ಲ. 1965ರಲ್ಲಿ ರಾಜ್ಯ ಕಾನೂನು ಮಾಡಿ ಕೊಲ್ಲಿಯ ರಕ್ಷಣೆಗೆ ಆಯೋಗ ರಚಿಸಿತು, 1969ರಲ್ಲಿ ಅದನ್ನು ಶಾಶ್ವತಗೊಳಿಸಿತು. ತುಂಬುವುದು ಹೆಚ್ಚುಕಡಿಮೆ ನಿಂತೇಹೋಯಿತು. 2003ರಲ್ಲಿ ದಕ್ಷಿಣದ 15 ಸಾವಿರ ಎಕರೆ ಉಪ್ಪಿನ ಗದ್ದೆಗಳನ್ನು ಸಾರ್ವಜನಿಕರ ಪರವಾಗಿ ಕೊಂಡು ಮತ್ತೆ ಜೌಗು ಭೂಮಿಯಾಗಿಸುವ ಕೆಲಸ ಶುರುವಾಯಿತು. 2016ರಲ್ಲಿ ಕೊಲ್ಲಿಯ ಸುತ್ತಲ ಒಂಬತ್ತೂ ಕೌಂಟಿಗಳ ಮತದಾರರು ಇದಕ್ಕಾಗಿ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು ತಾವೇ ಮತ ಹಾಕಿ ಹೇರಿಕೊಂಡರು.

ನಮ್ಮ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅವು ಮರಳಿ ಬರಲಾರವು. ಉಳಿದ ಕೆರೆಗಳ ದಂಡೆಯಲ್ಲಿ ಇಂದು ಕಾವಲು ನಿಂತಿರುವ ನಾಗರಿಕರಿಗೆ ಬರ್ಕ್ಲಿಯ ಈ ಮೂವರು ಹಿರಿಯಕ್ಕಂದಿರು.

ತೋಟ ಅಳಿದು ಚಿಪ್ ಬೆಳೆದದ್ದು

ಸಾಂತಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್ ತೋಟಗಳ ನಾಡು. 1957ರಲ್ಲಿ ಮೌಂಟನ್ ವ್ಯೂನ ಶಾಕ್ಲಿ ಪ್ರಯೋಗಾಲಯದಿಂದ ಎಂಟು ಎಂಜಿನಿಯರುಗಳು ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅಲ್ಲಿಂದ ಹೊರಬಂದವರು 1968ರಲ್ಲಿ ಇಂಟೆಲ್ ಕಟ್ಟಿದರು. ‘ಸಿಲಿಕಾನ್ ವ್ಯಾಲಿ’ ಎಂಬ ಹೆಸರು 1971ರಲ್ಲಿ ಅಚ್ಚಾಯಿತು. ಹೀಗೆ ಬಿಟ್ಟುಹೋಗಿ ಎದುರು ಕಂಪನಿ ಕಟ್ಟುವುದಕ್ಕೆ 1872ರ ಹಳೆಯ ಕಾನೂನೊಂದು ಬೆನ್ನಿಗಿತ್ತು: ಕೆಲಸ ಬಿಟ್ಟವನು ಅದೇ ಕಸುಬು ಮಾಡಕೂಡದೆಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ ಊರ್ಜಿತವಲ್ಲ. ದುಡಿಯುವವನ ಜ್ಞಾನ ದುಡಿಯುವವನದೇ ಎಂಬ ಈ ನಿಯಮಕ್ಕೆ ಬೆಂಗಳೂರಿನಿಂದ ಹೋಗಿ ಸ್ವಂತ ಕಂಪನಿ ಕಟ್ಟಿದ ಎಂಜಿನಿಯರುಗಳೂ ಋಣಿಗಳೇ.

ಚಿಪ್ ಕೂಡ ಚಿನ್ನದಂತೆಯೇ ಕಸ ಬಿಟ್ಟಿತು. 1980ರ ದಶಕದ ಆರಂಭದಲ್ಲಿ ದಕ್ಷಿಣ ಸ್ಯಾನ್ ಹೋಸೆಯ ಕಾರ್ಖಾನೆಯೊಂದರ ನೆಲದಡಿಯ ಟ್ಯಾಂಕ್ ಸೋರಿ, ಕುಡಿಯುವ ನೀರಿನ ಬಾವಿಗೆ ರಾಸಾಯನಿಕ ಬೆರೆತದ್ದು ಬಯಲಾಯಿತು. ಅಕ್ಕಪಕ್ಕದ ಕುಟುಂಬಗಳು ದನಿಯೆತ್ತಿದವು. ಹುಡುಕುತ್ತ ಹೋದಂತೆ ಒಂದಾದ ಮೇಲೊಂದು ಸೋರಿಕೆಗಳು ಸಿಕ್ಕವು. ತುರ್ತಾಗಿ ಶುದ್ಧಿಯಾಗಬೇಕಾದ ಜಾಗಗಳ ರಾಷ್ಟ್ರೀಯ ಪಟ್ಟಿಗೆ ಸಾಂತಾ ಕ್ಲಾರಾ ಕೌಂಟಿಯಿಂದಲೇ 23 ತಾಣಗಳು ಸೇರಿದವು. ದೇಶದ ಬೇರೆ ಯಾವ ಕೌಂಟಿಯಲ್ಲೂ ಅಷ್ಟಿಲ್ಲ. ಚಿಪ್ ಕಾರ್ಖಾನೆಗಳನ್ನು ನಮ್ಮಲ್ಲಿಗೂ ಕರೆಯುತ್ತಿರುವ ಈ ದಿನಗಳಲ್ಲಿ ಹೂಡಿಕೆಯ ಅಂಕಿಗಳ ಜೊತೆಗೆ ಈ 23ನ್ನೂ ನೆನಪಿಡಬೇಕು.

ಇನ್ನು ನಮ್ಮ ಸರದಿ

2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಎರಡೂ ಸದನಗಳು ಅಂಗೀಕರಿಸಿದವು. ಈಗಿರುವ ಕಾನೂನುಗಳೇ ಸಾಕೆಂದು ಗವರ್ನರ್ ತಡೆದರು. ಆ ಮಸೂದೆಗೆ ಭಾರತೀಯರೇ ಎರಡು ಪಾಲಾಗಿ ನಿಂತರು. ಹೊರಗಿಡಲ್ಪಟ್ಟವರ ಹೋರಾಟದಿಂದ ಬಾಗಿಲು ತೆರೆದ ನಾಡಿಗೆ ಹೋದ ನಾವು, ಹೊರಗಿಡುವ ನಮ್ಮ ಹಳೆಯ ಪದ್ಧತಿಯನ್ನು ಜೊತೆಗೆ ಒಯ್ಯಬಾರದು. ಬಸವಣ್ಣನ ನಾಡಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿ ಬರಬಾರದು.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್, ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಹುಟ್ಟಿನಿಂದ ಬರುವ ಪೌರತ್ವವನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಅದರ ವಿರುದ್ಧ ಕೋರ್ಟಿಗೆ ಹೋದ ವಕೀಲರು ಮೊದಲು ಕೈಗೆತ್ತಿಕೊಂಡದ್ದು ವಾಂಗ್ ಕಿಮ್ ಆರ್ಕ್ ಪ್ರಕರಣವನ್ನು. ನೂರಿಪ್ಪತ್ತೇಳು ವರ್ಷಗಳ ಹಿಂದೆ ಮುಗಿಯಿತೆಂದುಕೊಂಡ ವಾದ ಮತ್ತೆ ಎದ್ದು ನಿಂತಿತು. ಹಕ್ಕು ಒಮ್ಮೆ ಗೆದ್ದರೆ ಸಾಲದು, ಪ್ರತಿ ತಲೆಮಾರೂ ಅದನ್ನು ಕಾಯಬೇಕು.

ಆದ್ದರಿಂದ ಬೇ ಏರಿಯಾದ ಕನ್ನಡ ತಂದೆತಾಯಂದಿರಲ್ಲಿ ಒಂದು ವಿನಂತಿ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಕ್ಕಳು ಕಿತ್ತೂರು ಚೆನ್ನಮ್ಮನ ಕತೆ ಕೇಳಲಿ, ಜೊತೆಗೆ ವಾಂಗ್ ಕಿಮ್ ಆರ್ಕ್, ಕಲಾ ಬಗಾಯ್, ಫ್ರೆಡ್ ಕೊರೆಮಾಟ್ಸು, ಸಿಲ್ವಿಯಾ ಮೆಕ್‌ಲಾಫ್ಲಿನ್ ಅವರ ಕತೆಗಳನ್ನೂ ಕನ್ನಡದಲ್ಲೇ ಕೇಳಲಿ. ಊರಿನ ನಗರಸಭೆಯ ಕಲಾಪಕ್ಕೆ ಅವರನ್ನು ಕರೆದುಕೊಂಡು ಹೋಗಿ, ಮತ ಹಾಕುವ ಹಕ್ಕಿರುವವರು ತಪ್ಪದೆ ಮತ ಹಾಕಿ. ಆ ನಾಡು ನಮ್ಮವರಿಗೆ ಕೆಲಸ ಕೊಟ್ಟಿದೆ, ಮನೆ ಕೊಟ್ಟಿದೆ. ಅದರ ತಪ್ಪುಗಳನ್ನು ತಿದ್ದುವ ಕೆಲಸದಲ್ಲಿ ಕೈಜೋಡಿಸಿದಾಗಲೇ ಅದರ ಚರಿತ್ರೆಯಲ್ಲಿ ನಮಗೂ ಪಾಲು ಸಿಗುತ್ತದೆ.